ಬಾರದವರ ಪಾಲಿನ ಅನ್ನ

ಮದುವೆಯಾಗಿ ಶಿವಮೊಗ್ಗದ ಹೊಸಮನೆ ಬಡಾವಣೆಗೆ ಬಂದ ಮೊದಲ ವಾರದಲ್ಲೇ ನನಗೊಂದು ವಿಷಯ ತಿಳಿಯಿತು. ಈ ಮನೆಯಲ್ಲಿ ಅನ್ನ ಮುಗಿಯುವುದೇ ಇಲ್ಲ. ಇರುವವರು ನಾಲ್ಕೇ ಜನ, ಅತ್ತೆ, ಮಾವ, ನನ್ನ ಗಂಡ, ನಾನು. ನಾಲ್ಕು ಜನಕ್ಕೆ ಬೇಕಾದಷ್ಟು ಅಕ್ಕಿಯನ್ನು ನಾನು ಅಳೆದು ಹಾಕಿದ ಮೇಲೆ ಅತ್ತೆ ಡಬ್ಬಿಗೆ ಕೈ ಹಾಕಿ ಇನ್ನೊಂದು ಹಿಡಿ ಸೇರಿಸುತ್ತಿದ್ದರು. ಜಂಗಮರು ಬಂದರೆ, ಊರ ಕಡೆಯವರು ಯಾರಾದರೂ ಬಂದರೆ, ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಬಾರದಲ್ಲ. ಅದು ಅವರ ಅತ್ತೆಯಿಂದ ಅವರಿಗೆ ಬಂದ ಹಿಡಿ. ಈಗಿನ ಕಾಲದಲ್ಲಿ ಫೋನ್ ಮಾಡದೆ ಊಟದ ಹೊತ್ತಿಗೆ ಯಾರು ಬರುತ್ತಾರೆ ಹೇಳಿ? ಯಾರೂ ಬರುತ್ತಿರಲಿಲ್ಲ. ಆ ಹಿಡಿ ಅನ್ನ ಸ್ಟೀಲ್ ಡಬ್ಬಿ ಸೇರಿ ಫ್ರಿಜ್ಜಿಗೆ ಹೋಗುತ್ತಿತ್ತು.

ಮರುದಿನ ಅದನ್ನು ತಿನ್ನುತ್ತಿದ್ದವರು ಅತ್ತೆ. ನಮಗೆಲ್ಲ ಬಿಸಿ ತಿಂಡಿ ಕೊಟ್ಟು, ಮಾವ ಗಾಂಧಿಬಜಾರಿನ ಬಟ್ಟೆ ಅಂಗಡಿಗೂ ನನ್ನ ಗಂಡ ಮಾಚೇನಹಳ್ಳಿಯ ವರ್ಕ್‌ಶಾಪಿಗೂ ಹೊರಟ ಮೇಲೆ, ಹನ್ನೊಂದು ಗಂಟೆಗೆ ಅಡುಗೆಮನೆಯ ಮೂಲೆಯಲ್ಲಿ ಒಬ್ಬರೇ ಕೂತು ಆ ತಣ್ಣನೆ ಅನ್ನಕ್ಕೆ ನಿನ್ನೆಯ ಸಾರು ಕಲಸಿಕೊಳ್ಳುತ್ತಿದ್ದರು. ಫ್ರಿಜ್ಜು ಬಂದದ್ದರಿಂದ ಎಲ್ಲರಿಗೂ ಅನುಕೂಲವಾಗಿತ್ತು, ಅವರೊಬ್ಬರಿಗೆ ಕಷ್ಟ ಹೆಚ್ಚಾಗಿತ್ತು. ಮೊದಲು ಒಂದು ದಿನದ ತಂಗಳು ತಿನ್ನುತ್ತಿದ್ದರು, ಈಗ ಕೆಲವೊಮ್ಮೆ ಮೂರು ದಿನದ್ದು.

ನಾನು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ನಮ್ಮ ಮನೆಯಲ್ಲೂ ಅನ್ನ ಉಳಿಯುತ್ತಿತ್ತು. ಅದಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಮಜ್ಜಿಗೆ, ಸಣ್ಣ ಈರುಳ್ಳಿ, ಹಸಿಮೆಣಸು ಹಾಕಿ ಕಲಸುವುದನ್ನು ಪಕ್ಕದ ಮನೆಯ ತಮಿಳು ಅಕ್ಕ ಅಮ್ಮನಿಗೆ ಕಲಿಸಿದ್ದಳು. ಮೊದಲ ಶಿಫ್ಟಿಗೆ ಹೊರಡುವ ಅಪ್ಪನೂ, ಸ್ಕೂಲಿಗೆ ಹೊರಡುವ ನಾವೂ ಅದನ್ನೇ ಕುಡಿಯುತ್ತಿದ್ದೆವು. ತಂಗಳು ಇದ್ದರೆ ಎಲ್ಲರಿಗೂ, ಇಲ್ಲದಿದ್ದರೆ ಯಾರಿಗೂ ಇಲ್ಲ. ಹಾಗಾಗಿ ಅತ್ತೆ ಮೂಲೆಯಲ್ಲಿ ಕೂತು ತಿನ್ನುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇಷ್ಟಕ್ಕೂ ಮಾವ ಕೆಟ್ಟವರಲ್ಲ. ಎರಡು ವಿಷಯದಲ್ಲಿ ಮಾತ್ರ ಕಲ್ಲಿನಂಥ ಮನುಷ್ಯ. ಲಿಂಗಪೂಜೆ ಮಾಡಿ ಕೂತವರು ತಂಗಳು ಮುಟ್ಟುವುದಿಲ್ಲ, ಲಿಂಗಕ್ಕೆ ತೋರಿಸುವ ಅನ್ನ ಆಗಷ್ಟೇ ಮಾಡಿದ್ದಿರಬೇಕು. ಮತ್ತೆ, ತಟ್ಟೆಗೆ ಬಿದ್ದದ್ದು ಪ್ರಸಾದ, ಒಂದಗುಳೂ ಬಿಡುವುದಿಲ್ಲ. ಉಂಡ ತಟ್ಟೆಗೆ ನೀರು ಸುರಿದು, ಬೆರಳಾಡಿಸಿ, ಆ ನೀರನ್ನೂ ಕುಡಿದೇ ಏಳುತ್ತಾರೆ. ತಟ್ಟೆಯ ಅಗುಳಿನ ಮೇಲೆ ಇಷ್ಟು ಭಕ್ತಿ ಇರುವವರು, ಪಾತ್ರೆಯಲ್ಲಿ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವಾದರೂ ಕೇಳಿದ್ದರೇ? ಇಲ್ಲ.

ಎರಡು ವರ್ಷದ ಹಿಂದೆ ಅತ್ತೆಗೆ ಹೊಟ್ಟೆಯುರಿ ಶುರುವಾಯಿತು. ತಿಂದದ್ದು ದಕ್ಕದು, ಸೀರೆಯ ನೆರಿಗೆ ದಿನದಿಂದ ದಿನಕ್ಕೆ ಜಾಸ್ತಿಯಾಗತೊಡಗಿತು. ಡಾಕ್ಟರು ಮಾತ್ರೆ ಬರೆದು, ಹೊತ್ತಿಗೆ ಸರಿಯಾಗಿ ಬಿಸಿಯಾದ್ದನ್ನು ತಿನ್ನದಿದ್ದರೆ ಮಾತ್ರೆಯೂ ಕೆಲಸ ಮಾಡುವುದಿಲ್ಲ ಎಂದರು. ಅತ್ತೆ ಹೂಂಗುಟ್ಟಿ ಮನೆಗೆ ಬಂದವರೇ ಫ್ರಿಜ್ಜು ತೆಗೆದರು. ಅನ್ನ ಚೆಲ್ಲಿದರೆ ಪಾಪ ಅಂತ ಅವರು, ನಿಮ್ಮ ಹೊಟ್ಟೆಗೆ ಚೆಲ್ಲಿದರೆ ಪುಣ್ಯವಾ ಅಂತ ನಾನು. ಜಗಳವಾಡಿ ಪ್ರಯೋಜನವಿಲ್ಲ ಎಂದು ಅವತ್ತೇ ಗೊತ್ತಾಯಿತು. ಅನ್ನ ಚೆಲ್ಲುವುದಿಲ್ಲ, ಆದರೆ ಇವರೊಬ್ಬರೇ ತಿನ್ನುವುದಕ್ಕೂ ಬಿಡುವುದಿಲ್ಲ ಎಂದು ಪಟ್ಟು ಹಿಡಿದೆ.

ಮರುದಿನ ಉಳಿದ ಅನ್ನವನ್ನು ನುಣ್ಣಗೆ ಮಿದ್ದು, ಅಕ್ಕಿಹಿಟ್ಟು, ಉಪ್ಪು, ಬಿಸಿನೀರು ಹಾಕಿ ನಾದಿದೆ. ಹಿಂದಿನ ದಿನದ ಹುರುಳಿಕಾಯಿ ಪಲ್ಯವೂ ಅದರೊಳಗೇ ಹೋಯಿತು. ಅನ್ನ ಸೇರಿದ ರೊಟ್ಟಿ ಎಷ್ಟು ಮೆತ್ತಗಾಗುತ್ತದೆ ಎಂದರೆ ಸಂಜೆಯವರೆಗೂ ಬಿರುಸಾಗುವುದಿಲ್ಲ. ಮಾವ ನಾಲ್ಕು ತಿಂದರು. ಭದ್ರಾವತಿಯವರ ಕೈ ಪರವಾಗಿಲ್ಲ ಎಂದು ಮಗನಿಗೆ ಹೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಳಗೆ ಕರೆದು ನನ್ನ ಮೊಣಕೈ ಹಿಡಿದರು.

"ಅವರಿಗೆ ಗೊತ್ತಾದ್ರೆ ಇನ್ಮೇಲೆ ಈ ಮನೇಲಿ ತಿಂಡೀನೇ ತಿನ್ನಲ್ಲ. ಹೇಳ್ಬೇಡ ಮಾರಾಯ್ತಿ."

ಅವರ ಮುಖ ನೋಡಿ ಸುಮ್ಮನಾದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅವತ್ತೇ ಹೇಳಿಬಿಡಬೇಕಿತ್ತು. ಮಾವನ ನೇಮ ಕೆಡುತ್ತಿದೆ, ಅದಕ್ಕೆ ತಾವೂ ಪಾಲುದಾರರು ಎಂಬ ಭಯ ಅತ್ತೆಯನ್ನು ಹಿಡಿಯಿತು. ಆಮೇಲೆ ನಾನು ಬೆಳಿಗ್ಗೆ ಫ್ರಿಜ್ಜು ತೆಗೆದರೆ ಡಬ್ಬಿ ಖಾಲಿ, ತೊಳೆದು ಬೋರಲು ಹಾಕಿರುತ್ತಿತ್ತು. ಅನ್ನ ಉಳಿದೇ ಇಲ್ಲ ಎನ್ನುತ್ತಿದ್ದರು. ಒಂದು ದಿನ ಐದೂವರೆಗೇ ಎದ್ದು ಹೋಗಿ ನೋಡಿದೆ. ಫ್ರಿಜ್ಜಿನ ಮುಂದೆ ನಿಂತುಕೊಂಡೇ, ಮಂಜುಗಡ್ಡೆಯಂತಿದ್ದ ಅನ್ನವನ್ನು ಕೈಯಲ್ಲಿ ಮುದ್ದೆ ಮಾಡಿ ನುಂಗುತ್ತಿದ್ದರು. ನಾನು ರೊಟ್ಟಿಗೆ ತೆಗೆಯುವ ಮೊದಲು ಖಾಲಿ ಮಾಡಬೇಕಿತ್ತಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಆ ವಾರವೇ ಅವರನ್ನು ಹೊಟ್ಟೆನೋವಿಗೆ ಎರಡು ದಿನ ಆಸ್ಪತ್ರೆಯಲ್ಲಿ ಮಲಗಿಸಬೇಕಾಯಿತು.

ಅವರು ಮನೆಗೆ ಬಂದ ಮಾರನೆಯ ಬೆಳಿಗ್ಗೆ ಮತ್ತೆ ಅದೇ ರೊಟ್ಟಿ ಮಾಡಿದೆ. ಮಾವ ಅರ್ಧ ರೊಟ್ಟಿ ಮುಗಿಸಿದ್ದರು. ಮೊದಲೇ ಹೇಳಿದ್ದರೆ ತಟ್ಟೆಯನ್ನೇ ಮುಟ್ಟುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ತಪ್ಪೆಂದರೆ ತಪ್ಪೇ, ಬೇಕೆಂದೇ ಮಾಡಿದ ತಪ್ಪು. ಎದುರಿಗೆ ನಿಂತು ಕಡ್ಡಿ ಮುರಿದ ಹಾಗೆ ಹೇಳಿದೆ.

"ಮಾವ, ಇದರಲ್ಲಿ ನಿನ್ನೆ ಅನ್ನ ಇದೆ. ಹಿಂದೆನೂ ಹಾಕಿದೀನಿ, ಇನ್ಮುಂದೆನೂ ಹಾಕ್ತೀನಿ. ಇಲ್ಲಾಂದ್ರೆ ಅದನ್ನ ಅತ್ತೆ ಒಬ್ರೇ ತಿಂತಾರೆ. ಅವರನ್ನ ಆಸ್ಪತ್ರೆಗೆ ಹಾಕಿದ್ದು ಅದೇ."

ನನ್ನ ಗಂಡ ತಲೆಯೆತ್ತಲಿಲ್ಲ. ಒಳಗೆ ಮಂಚದ ಮೇಲಿದ್ದ ಅತ್ತೆಗೆ ಕೇಳಿಸಿರಬೇಕು, ಶಿವನೇ ಎಂದದ್ದು ನನಗೂ ಕೇಳಿಸಿತು. ಮಾವ ಕೈಯಲ್ಲಿದ್ದ ತುಂಡನ್ನೇ ನೋಡುತ್ತ ಕೂತರು. ತಿನ್ನುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ನಾನು ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಮಾವ ಉಳಿದ ಅರ್ಧವನ್ನು ತಿಂದರು, ತಟ್ಟೆ ತೊಳೆದು ಕುಡಿದರು, ಎದ್ದು ಅಂಗಡಿಗೆ ಹೋದರು.

ಎರಡು ದಿನ ಮನೆಯಲ್ಲಿ ತಿಂಡಿ ತಿನ್ನಲಿಲ್ಲ. ಬಜಾರಿನ ಹೋಟೆಲಿನಲ್ಲಿ ಇಡ್ಲಿ ತಿಂದರಂತೆ. ನಾನು ಹೇಳಿರಲಿಲ್ಲವಾ ಎಂಬಂತೆ ಅತ್ತೆ ನನ್ನನ್ನು ನೋಡುತ್ತಿದ್ದರು. ನಾನು ಎರಡೂ ದಿನ ರೊಟ್ಟಿಯೇ ಮಾಡಿದೆ. ಡಬ್ಬಿಯನ್ನು ಮಾತ್ರ ನನ್ನ ಕಣ್ಣೆದುರಿಗೇ ಇಟ್ಟುಕೊಂಡಿದ್ದೆ.

ಮೂರನೆಯ ದಿನ ಮಾವ ಪೂಜೆ ಮುಗಿಸಿ ಬಂದು ತಮ್ಮ ಜಾಗದಲ್ಲಿ ಕೂತರು. ನಿನ್ನೆ ಅನ್ನ ಇದೆಯಾ ಎಂದು ಕೇಳಿದರು. ಇದೆ ಎಂದೆ. ಒಳಗೆ ತಿರುಗಿ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಹೆಂಡತಿಯನ್ನು ಕೂಗಿದರು.

"ಬಾ ಇಲ್ಲಿ, ನೀನೂ ಕೂತ್ಕೊ. ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ."

ಅತ್ತೆ ಬಂದು ಗೋಡೆಗೊರಗಿ ಕೂತರು. ಕೂತವರು ಚಟ್ನಿ ತರುತ್ತೇನೆ ಎಂದು ಎದ್ದರು, ಕೂರಿಸಿದೆ. ನೀರು ಎಂದು ಎದ್ದರು, ಭುಜ ಹಿಡಿದು ಮತ್ತೆ ಕೂರಿಸಿದೆ. ಕಾವಲಿಯಿಂದ ಇಳಿದ ರೊಟ್ಟಿಯನ್ನು ನೇರ ಅವರ ತಟ್ಟೆಗೆ ಹಾಕಿದೆ. ಹಬೆಗೆ ಬೆರಳು ಸುಟ್ಟಿತೋ ಏನೋ, ಮುರಿದ ಚೂರನ್ನು ಊದಿ ಊದಿ ಬಾಯಿಗಿಟ್ಟರು. ನಿಧಾನವಾಗಿ ಪೂರ್ತಿ ತಿಂದರು. ಆಮೇಲೆ ಗಂಡನ ಕಡೆಗಾಗಲಿ ಮಗನ ಕಡೆಗಾಗಲಿ ನೋಡದೆ ತಟ್ಟೆಯನ್ನು ನನ್ನತ್ತ ಸ್ವಲ್ಪ ತಳ್ಳಿ, "ಇನ್ನೊಂದು ಹಾಕು" ಎಂದರು. ಮೂವತ್ತು ವರ್ಷ ಆ ಮನೆಯಲ್ಲಿ ಬಡಿಸಿದವರು ಅವರು, ಇನ್ನೊಂದು ಬೇಕೆಂದು ಕೇಳಿದ್ದನ್ನು ಅವತ್ತಿನವರೆಗೆ ಯಾರೂ ಕಂಡಿರಲಿಲ್ಲ.