ಮೊಟ್ಟೆ ಮುಟ್ಟದ ಬಾಣಲೆ

ಮೊನ್ನೆ ಭಾನುವಾರ ಬೆಳಿಗ್ಗೆ ನನ್ನ ಗಂಡ ಆಮ್ಲೆಟ್ ಮಾಡುತ್ತೇನೆಂದು ಕೆಳಗಿನ ಕಪಾಟಿನಿಂದ ಕಬ್ಬಿಣದ ಬಾಣಲೆ ಎತ್ತಿ ಒಲೆಯ ಮೇಲಿಟ್ಟ. ಕಾದ ಕಬ್ಬಿಣದ ವಾಸನೆ, ಅದರ ಜೊತೆ ಹಳೆಯ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಹಾಲ್‌ವರೆಗೂ ಬಂತು. ಕೈಲಿದ್ದ ಬಟ್ಟೆ ಬಿಸಾಕಿ ಓಡಿದೆ. ಮೊಟ್ಟೆ ಇನ್ನೂ ಒಡೆದಿರಲಿಲ್ಲ. "ಅದರಲ್ಲಿ ಬೇಡ" ಅಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು. ವಾರಕ್ಕೊಂದು ಡಜನ್ ಮೊಟ್ಟೆ ತಿನ್ನುವ ಮನೆಯಲ್ಲಿ ಇದೆಂಥ ಮಡಿ ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ.

ಅದು ತುಡಿಯಲೂರಿನ ಓನರಮ್ಮನ ಬಾಣಲೆ. ಮದುವೆಯಾಗಿ ತಿರುಪ್ಪೂರಿಗೆ ಬರುವ ಮುಂಚೆ, ರಾಣೆಬೆನ್ನೂರಿನಿಂದ ಬಂದು ಪಂಪ್‌ಸೆಟ್ ಮಾಡುವ ಕಂಪನಿಯೊಂದರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಾಗ, ಅವರ ಮಹಡಿಯ ಕೋಣೆಯಲ್ಲಿ ಮೂರು ವರ್ಷ ಬಾಡಿಗೆಗಿದ್ದೆ. ಕಿಣತ್ತುಕಡವಿನ ಕಡೆಯ ಬೇಸಾಯದ ಮನೆಯವರು. ತಲೆತಲಾಂತರದಿಂದ ಅಲ್ಲೇ ಇದ್ದರೂ ಮನೆಮಾತು ಕನ್ನಡ. ಅರ್ಧ ಮಾತು ತಮಿಳು, ರಾಗವಂತೂ ಪೂರ್ತಿ ತಮಿಳು, ಕನ್ನಡದ ಒಂದಕ್ಷರವೂ ಓದಲು ಬಾರದು. ಆದರೂ "ನಿನ್ನ ಕನ್ನಡ ಏನು ಕಣ್ಣು, ಪೇಪರ್ ಓದಿದಂಗೆ ಅದೆ" ಎಂದು ನನ್ನನ್ನೇ ಆಡಿಕೊಳ್ಳುತ್ತಿದ್ದರು. ಕಣ್ಣು ಎಂದರೆ ಅವರ ಬಾಯಲ್ಲಿ ಮಗಳೇ, ಚಿನ್ನಾ ಅಂದ ಹಾಗೆ. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಧಾರಾಪುರದಲ್ಲಿದ್ದಾಳೆ ಎಂದು ಗೊತ್ತಿತ್ತು. ಅವಳು ಬಂದದ್ದನ್ನು ಮಾತ್ರ ನಾನು ಒಮ್ಮೆಯೂ ನೋಡಿರಲಿಲ್ಲ.

ಒಂದು ಸಂಜೆ ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಕೇಳಿದರು: "ಕಣ್ಣು, ಆ ವಂಡಿಕಡೇಲಿ ಮಾಡ್ತಾರಲ್ಲ, ಫ್ರೈಡ್ ರೈಸು... ಅದ ಮನೇಲಿ ಮಾಡಕ್ಕೆ ನಿನಗೆ ಗೊತ್ತಾ? ಮೊಟ್ಟೆ ಇಲ್ಲದೆ?"

ಗಾಡಿ ಅಂಗಡಿಯ ತಿಂಡಿಯನ್ನು ಹೊಸಿಲೊಳಗೆ ಬಿಡದ ಹೆಂಗಸು ಹೀಗೆ ಕೇಳಿದ್ದು ನನಗೆ ಸೋಜಿಗ. ಕಾರಣವನ್ನು ಅವರೇ ಹೇಳಿದರು, ಒಂದೇ ದಿನ ಅಲ್ಲ, ನಾಲ್ಕೈದು ಸಂಜೆಗಳಲ್ಲಿ ಚೂರುಚೂರಾಗಿ. ಮಗಳು ಕಾಲೇಜಿಗೆ ಹೋಗುವಾಗ ಬಸ್‌ಸ್ಟಾಪಿನ ಗಾಡಿಯ ಫ್ರೈಡ್ ರೈಸ್ ಎಂದರೆ ಪ್ರಾಣ ಬಿಡುತ್ತಿದ್ದಳಂತೆ. ಒಂದು ದಿನ ಪೊಟ್ಟಣ ಕಟ್ಟಿಸಿಕೊಂಡು ಬಂದಳು. ಆ ಗಾಡಿಯವನು ಮೊಟ್ಟೆ, ಕೋಳಿ ಎಲ್ಲವನ್ನೂ ಒಂದೇ ಬಾಣಲೆಯಲ್ಲಿ ತಿರುವುತ್ತಾನೆಂದು ಇವರಿಗೆ ಗೊತ್ತಿತ್ತು. ಪೊಟ್ಟಣವನ್ನು ಬೀದಿಗೆ ಎಸೆದರು. ಆಮೇಲೆ ಅವಳು ಮಾಂಸ ತಿನ್ನುವವರ ಮನೆಯ ಹುಡುಗನನ್ನು ಮೆಚ್ಚಿ ಮದುವೆಯಾದಾಗ ಬಾಗಿಲಲ್ಲಿ ನಿಂತು ಒಂದು ಮಾತು ಅಂದರು. "ಆ ಮನೆ ವಡಚಟ್ಟಿ ಹಿಡಿದ ಕೈಲಿ ನನ್ನ ಅಡುಗೆಮನೆಗೆ ಬರಬ್ಯಾಡ." ವಡಚಟ್ಟಿ ಎಂದರೆ ಬಾಣಲೆ. ಅದಾಗಿ ಆರು ವರ್ಷವಾಗಿತ್ತು. ಬಸ್ಸಿನಲ್ಲಿ ಮೂರು ಗಂಟೆ ದಾರಿ, ಅಷ್ಟೇ. ಇವರು ಕರೆಯಲಿಲ್ಲ, ಅವಳು ಬರಲಿಲ್ಲ.

ಅವರಿಗೆ ತಪ್ಪಾಯಿತು ಅನ್ನಲು ಬರುತ್ತಿರಲಿಲ್ಲ. ಅದರ ಬದಲು ಫ್ರೈಡ್ ರೈಸ್ ಕಲಿಯಲು ಹೊರಟಿದ್ದರು.

ಸಂತೆಗೆ ಹೋಗಿ ಅದಕ್ಕೆಂದೇ ಈ ಹೊಸ ಬಾಣಲೆ ತಂದರು. ಸೋಯಾ ಸಾಸ್ ಬಾಟಲಿಯ ಮೇಲಿನ ಹಸಿರು ಚುಕ್ಕಿಯನ್ನು ನನ್ನಿಂದ ಎರಡು ಸಲ ತೋರಿಸಿಕೊಂಡರು. ಅನ್ನ ಉದುರಾಗಿರಬೇಕು, ಹಿಂದಿನ ದಿನದ್ದಾದರೆ ಒಳ್ಳೆಯದು ಎಂದು ಹೇಳಿ, ಮುಕ್ಕಾಲು ಬೇಯಿಸಿ ಬಸಿದು ತಟ್ಟೆಯಲ್ಲಿ ಹರಡಿಟ್ಟು ಬಂದೆ. ಬೆಳಿಗ್ಗೆ ಇಳಿದು ನೋಡಿದರೆ ಅನ್ನ ಪಾತ್ರೆಯಲ್ಲಿ ತೇಲುತ್ತಿದೆ. ಉಳಿದ ಅನ್ನಕ್ಕೆ, ಅವರ ಮಾತಲ್ಲಿ ಸಾದಕ್ಕೆ, ನೀರು ಹಾಕದೆ ಅವರು ಜನ್ಮದಲ್ಲಿ ಮಲಗಿದವರಲ್ಲ. ಬೆಳಿಗ್ಗೆ ಅದಕ್ಕೆ ಮಜ್ಜಿಗೆ, ಸಣ್ಣ ಈರುಳ್ಳಿ... ಅದೇ ಅವರ ತಿಂಡಿ. "ಅಯ್ಯೋ, ಕೈ ತಾನಾಗೇ ಹೋಗ್ಬಿಡ್ತು ಕಣ್ಣು" ಎಂದು ತಲೆ ಮೇಲೆ ಕೈಯಿಟ್ಟು ಕೂತರು. ಇಬ್ಬರೂ ನಕ್ಕೆವು. ಮುಂದಿನ ವಾರ ಮತ್ತೆ ಅದೇ ಕಥೆ. ಮೂರನೆಯ ಸಲ ತಟ್ಟೆಯನ್ನು ನನ್ನ ಕೋಣೆಗೆ ಎತ್ತಿಕೊಂಡು ಹೋದೆ.

ಆಮೇಲೆ ಅವರ ಕೈ ಕುದುರಿತು. ಉರಿ ಜೋರಿಟ್ಟು ಬೆಳ್ಳುಳ್ಳಿ ಸಿಡಿಸಿ, ಬೀನ್ಸು, ಕ್ಯಾರೆಟ್ಟು, ಕೋಸು ಬಾಡದ ಹಾಗೆ ತಿರುವಿ, ಅನ್ನ ಹಾಕಿ, ಬಾಣಲೆಯ ಅಂಚಿಗೆ ಸಾಸ್ ಬಿಟ್ಟು, ಕೊನೆಗೆ ವಿನೆಗರ್, ಮೆಣಸಿನಪುಡಿ. ನನಗಿಂತ ಚೆನ್ನಾಗಿಯೇ ಮಾಡತೊಡಗಿದರು. ಮಾಡಿದ್ದನ್ನೆಲ್ಲ ನಾನೇ ತಿನ್ನುತ್ತಿದ್ದೆ, ಅವರು ರುಚಿ ಮಾತ್ರ ನೋಡುತ್ತಿರಲಿಲ್ಲ. ಮಗಳು ತಿಂದ ಮೇಲೆಯೇ ತಾನು ತಿನ್ನುವುದು ಅನ್ನುತ್ತಿದ್ದರು.

ಮಗಳಿಗೆ ಫೋನ್ ಮಾಡುವ ಕೆಲಸ ನನಗೆ ಬಂತು. "ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ ಅಂತ ಹೇಳು. ಏನ್ ಮಾಡಿದೀನಿ ಅಂತ ಹೇಳಬ್ಯಾಡ, ಬಂದು ನೋಡಲಿ." ನಾನು ಅಷ್ಟನ್ನೇ ಹೇಳಿದೆ. "ನೋಡ್ತೀನಿ ಅಕ್ಕ" ಎಂದು ಅವಳು ಫೋನ್ ಇಟ್ಟಳು.

ಆ ಭಾನುವಾರ ಓನರಮ್ಮ ಹನ್ನೊಂದಕ್ಕೆಲ್ಲ ತರಕಾರಿ ಹೆಚ್ಚಿಟ್ಟುಕೊಂಡರು. ಪ್ರತಿ ಆಟೋ ಸದ್ದಿಗೂ ಗೇಟಿಗೆ ಹೋಗಿ ಬಂದರು. ಬಿಸಿಬಿಸಿಯೇ ಬಡಿಸಬೇಕೆಂದು ಒಲೆ ಹಚ್ಚಲಿಲ್ಲ. ಎರಡೂವರೆಗೆ, ಈಗ ಬಂದೇ ಬರುತ್ತಾಳೆಂದು ಮಾಡಿಯೇಬಿಟ್ಟರು. ಐದು ಗಂಟೆಗೆ ನಾನು ಕೆಳಗಿಳಿದಾಗ ತಟ್ಟೆ ಮುಚ್ಚಿದ ಬಾಣಲೆಯ ಪಕ್ಕದಲ್ಲೇ ಕೂತಿದ್ದರು. ಫೋನ್ ಮಾಡಲಾ ಅಂದೆ. ಬೇಡ ಅಂದರು.

ಮರುದಿನ ಬೆಳಿಗ್ಗೆ ಕೀ ಕೊಡಲು ಹೋದಾಗ ಅವರ ಮುಂದೆ ಪಾತ್ರೆಯಿತ್ತು. ಕಂದು ನೀರಲ್ಲಿ ಕ್ಯಾರೆಟ್ಟು, ಕೋಸು ತೇಲುತ್ತಿದ್ದವು. ಫ್ರೈಡ್ ರೈಸಿಗೂ ನೀರು ಹಾಕಿಟ್ಟಿದ್ದರು. ಅದನ್ನೇ ಕೈಯಲ್ಲಿ ಹಿಂಡಿ, ಈರುಳ್ಳಿ ಕಚ್ಚಿಕೊಂಡು ತಿನ್ನುತ್ತಿದ್ದರು. "ಸಾದ ಬಿಸಾಕಬಾರದು ಕಣ್ಣು... ಚೆನ್ನಾಗೇ ಅದೆ." ನಾನು ಬಸ್ಸಿಗೆ ತಡವಾಯಿತೆಂದು ಹೊರಟುಬಿಟ್ಟೆ. ತಡವೇನೂ ಆಗಿರಲಿಲ್ಲ, ನನಗೆ ನೋಡಲಾಗಲಿಲ್ಲ.

ಎರಡು ತಿಂಗಳೂ ಕಳೆಯಲಿಲ್ಲ. ಒಂದು ಬೆಳಿಗ್ಗೆ ಎದೆನೋವು ಅಂದವರು ಆಸ್ಪತ್ರೆ ತಲುಪಲಿಲ್ಲ.

ಮಗಳು ಬಂದಳು. ಕಾರ್ಯವೆಲ್ಲ ಮುಗಿದ ಮೇಲೆ ಸಾಮಾನು ಎತ್ತಿಡಲು ಇಬ್ಬರೇ ನಿಂತೆವು. ಅವಳು ಅಡುಗೆಮನೆಯ ಹೊಸಿಲ ಹೊರಗೇ ನಿಂತಿದ್ದಳು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಅಲ್ಲಿಂದಲೇ ಶೆಲ್ಫಿನಲ್ಲಿದ್ದ ಸೋಯಾ ಸಾಸ್ ಬಾಟಲಿ ನೋಡಿ, "ಇದು ನಿಮ್ದಾ ಅಕ್ಕ?" ಎಂದಳು. ಆಗ ಎಲ್ಲ ಹೇಳಿದೆ. ನೀರು ಹಾಕಿಟ್ಟ ಪಾತ್ರೆಯ ವಿಷಯ ಮಾತ್ರ ಹೇಳಲಿಲ್ಲ. ಅವಳು ಹೊಸಿಲ ಮೇಲೆ ಕೂತಳು. "ಬಯ್ಯಕ್ಕೆ ಕರೀತಿದಾರೆ ಅಂದ್ಕೊಂಡೆ. ಹೊರಟಿದ್ದೆ ಅಕ್ಕ, ಪಲ್ಲಡದಲ್ಲಿ ಇಳಿದು ವಾಪಸ್ ಬಸ್ ಹತ್ತಿದೆ... ಫ್ರೈಡ್ ರೈಸು ಅಂತ ಒಂದು ಮಾತು ಹೇಳಿದ್ರೆ ಸಾಕಾಗಿತ್ತು."

ಆ ಒಂದು ಮಾತು ನನ್ನ ಬಾಯಲ್ಲೇ ಇತ್ತು. ಅವರು ಹೇಳಬೇಡ ಅಂದರು, ನಾನು ಹಾಗೇ ಮಾಡಿದೆ. ಆವತ್ತು ಅವರ ಮಾತು ಮೀರಬೇಕಿತ್ತು.

ಬಾಣಲೆಯನ್ನು ತೊಳೆದು ಒರೆಸಿ, ನಿಮಗೆಂದೇ ತಂದದ್ದು ಎಂದು ಅವಳ ಮುಂದಿಟ್ಟೆ. ಸೆರಗಿನಿಂದ ಇನ್ನೊಮ್ಮೆ ಒರೆಸಿ ನನ್ನ ಕೈಗೇ ಕೊಟ್ಟಳು. "ನಮ್ಮ ಮನೇಲಿ ಮೊಟ್ಟೆ ಮಾಡ್ತೀವಿ ಅಕ್ಕ. ಇದು ಅಲ್ಲಿಗೆ ಬರಬಾರದು. ನೀವೇ ಇಟ್ಕೊಳಿ."

ಇದನ್ನೆಲ್ಲ ಗಂಡನಿಗೆ ಹೇಳಿ ಮುಗಿಸುವಷ್ಟರಲ್ಲಿ ಮೊಟ್ಟೆ ಅವನ ಕೈಯಲ್ಲೇ ಬೆಚ್ಚಗಾಗಿತ್ತು. ಅವನು ಅದನ್ನು ಫ್ರಿಜ್ಜಿನಲ್ಲಿಟ್ಟು, ನಿನ್ನೆಯ ಅನ್ನ ತೆಗೆದುಕೊಟ್ಟ. ಬೆಳ್ಳುಳ್ಳಿ ಸುಲಿದೆ. ಆ ಬಾಣಲೆಯಲ್ಲಿ ನಾನು ಎಷ್ಟು ಸಲ ಮಾಡಿದರೂ ಅವರು ಮಾಡಿದ ಹಾಗೆ ಆಗುವುದಿಲ್ಲ ಅನ್ನಿಸುತ್ತದೆ. ಹಾಗನ್ನಬೇಕಾದವಳು ನಾನಲ್ಲ... ಅವರು ಮಾಡಿದ್ದನ್ನು ಬಿಸಿಯಾಗಿ ತಿನ್ನಬೇಕಾದವಳು ತಿನ್ನಲೇ ಇಲ್ಲ.