ಬೆರಳಗಲದ ತುಂಡುಗಳು

ಸವಳಂಗ ರಸ್ತೆಯ ಮ್ಯಾಚಿಂಗ್ ಸೆಂಟರೊಂದರಲ್ಲಿ ನನಗೆ ಒಂಬತ್ತು ವರ್ಷದ ಕೆಲಸ. ಸೀರೆಗೆ ಹೊಂದುವ ಬ್ಲೌಸ್ ಬಟ್ಟೆ ಹುಡುಕಿ ಕತ್ತರಿಸಿ ಕೊಡಬೇಕು. ಪ್ರತಿ ಮಂಗಳವಾರ ಭದ್ರಾವತಿಯಿಂದ ಬಸ್ಸು ಹಿಡಿದು ಒಬ್ಬ ಹೆಂಗಸು ಬರುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು. ಬಟ್ಟೆಯನ್ನು ಮೊದಲು ಮೂಸಿ ನೋಡುವರು, ಆಮೇಲೆ ನನ್ನನ್ನೂ ಬಟ್ಟೆಯನ್ನೂ ರಸ್ತೆಯ ಬಿಸಿಲಿಗೆ ಎಳೆದೊಯ್ಯುವರು. ಕೊಳ್ಳುವುದು ಒಂದೇ ಬ್ಲೌಸ್ ಪೀಸು, ಕೇಳುವುದು ಮಾತ್ರ ಕಂಡ ಬಣ್ಣಗಳದ್ದೆಲ್ಲ ಬೆರಳಗಲದ ತುಂಡು. ಅವನ್ನು ಹಳೇ ಕ್ಯಾಲೆಂಡರಿನ ಹಿಂಬದಿಗೆ ಅಂಟಿಸಿಕೊಳ್ಳುತ್ತಾರಂತೆ.

ಅವರು ಮೆಟ್ಟಿಲು ಹತ್ತಿದರೆ ಸಾಕು, ನನ್ನ ತಲೆ ಬಿಸಿಯಾಗುತ್ತಿತ್ತು. "ಬಂತಪ್ಪ ಶನಿ" ಎಂದು ಗೊಣಗಿಕೊಂಡೇ ಕತ್ತರಿ ಹಿಡಿಯುತ್ತಿದ್ದೆ.

ನನ್ನ ತಾಯಿ ತೀರಿಕೊಂಡು, ಹದಿನೈದು ದಿನ ಬಿಟ್ಟು ನಾನು ಕೆಲಸಕ್ಕೆ ಬಂದದ್ದೂ ಒಂದು ಮಂಗಳವಾರವೇ. ಆ ಹೆಂಗಸು ಅಂದು ಬಣ್ಣದ ಸುದ್ದಿ ಎತ್ತಲಿಲ್ಲ. ಡಬ್ಬಿಯಲ್ಲಿದ್ದ ಚಿತ್ರಾನ್ನ ನನ್ನ ಮುಂದಿಟ್ಟು, ನಾನು ತಿಂದು ಮುಗಿಸುವ ತನಕ ನಿಂತೇ ಇದ್ದರು.

"ತಿನ್ನು ಮಾರಾಯ್ತಿ, ಬಣ್ಣ ಎಲ್ಲೂ ಓಡಿ ಹೋಗಲ್ಲ."

ಅಂದಿನಿಂದ ಅವರನ್ನು ಅಮ್ಮ ಎಂದೇ ಕರೆದೆ. ಬಿಸಿಲಲ್ಲಿ ನಿಂತು ನನಗೆ ತಿಳಿದದ್ದನ್ನೆಲ್ಲ ಹೇಳಿಕೊಟ್ಟೆ. ಟ್ಯೂಬ್‌ಲೈಟಿನಡಿ ಈರುಳ್ಳಿ ಸಿಪ್ಪೆ ಬಣ್ಣವೂ ಗುಲಾಬಿಯೂ ಒಂದೇ ಥರ ಕಾಣುತ್ತವೆ, ಯಾವ ಕೆಂಪು ಒಗೆದರೆ ಬಿಡುತ್ತದೆ, ಎಲ್ಲವನ್ನೂ. ಪ್ರತಿ ತುಂಡಿನ ಶೇಡ್ ನಂಬರನ್ನು ನಾನೇ ಚೀಟಿಯಲ್ಲಿ ಬರೆದು ಪಿನ್ನು ಚುಚ್ಚಿ ಕೊಟ್ಟೆ.

ಒಂದು ದಿನ ಹೊಟ್ಟೆಯೊಳಗಿನದನ್ನೂ ಹೇಳಿಬಿಟ್ಟೆ.

"ನಿಮ್ಮೂರ ಬಸ್ ಸ್ಟ್ಯಾಂಡ್ ಹಿಂದೆ ಟೈಲರ್ ಪಕ್ಕ ಒಂದು ಮಳಿಗೆ ಖಾಲಿ ಇದೆಯಲ್ಲಮ್ಮ, ಯುಗಾದಿ ಕಳೀಲಿ, ಅದನ್ನ ಹಿಡಿದು ನಂದೇ ಅಂಗಡಿ ಹಾಕ್ತೀನಿ. ಯಾರಿಗೂ ಹೇಳ್ಬೇಡಿ."

"ನಾನ್ಯಾರಿಗೆ ಹೇಳ್ಲಿ ಮಗಳೇ?"

ಮಾತು ಉಳಿಸಿಕೊಂಡರು, ಪುಣ್ಯಾತ್ಗಿತ್ತಿ. ಯಾರಿಗೂ ಹೇಳಲಿಲ್ಲ.

ಆಮೇಲೆ ಅವರು ಬರುವುದು ನಿಂತಿತು. ಆರು ಮಂಗಳವಾರ ಬಾಗಿಲು ನೋಡಿದೆ. ಹುಷಾರಿಲ್ಲವೋ ಏನೋ ಎಂದು ದೇವರಿಗೆ ಕೈಯನ್ನೂ ಮುಗಿದೆ. ಯುಗಾದಿ ಕಳೆದ ವಾರ ರಜೆ ಹಾಕಿ ಮಳಿಗೆ ಮಾತಾಡಲು ಭದ್ರಾವತಿಗೆ ಹೋದೆ. ಟೈಲರ್ ಪಕ್ಕದ ಷಟರು ತೆರೆದಿತ್ತು. ಹೊಸ ಬೋರ್ಡು, ಒಳಗೆ ಗೋಡೆ ತುಂಬ ಬ್ಲೌಸ್ ಬಟ್ಟೆ. ಕೌಂಟರಿನ ಹಿಂದೆ ಅಮ್ಮ ಮತ್ತು ಅವರ ಸೊಸೆ. ಅವರ ತಲೆಯ ಮೇಲೆ ಆ ಕ್ಯಾಲೆಂಡರ್ ಹಾಳೆಗಳು ನೇತಾಡುತ್ತಿದ್ದವು, ನನ್ನ ಕೈಬರಹದ ಚೀಟಿಗಳ ಸಮೇತ.

ಮುಖದಲ್ಲಿ ಒಂದು ಎಳೆ ನಾಚಿಕೆಯಾದರೂ ಬೇಡವೇ?

"ಬಾ ಮಗಳೇ! ಸೊಸೆಗೆ ಅಂತ ಹಾಕ್ಕೊಟ್ಟೆ. ಇವಳಿಗೆ ಏನೂ ತಿಳಿಯಲ್ಲ. ನೀನೇ ಕೆಲಸಕ್ಕೆ ಬಂದ್ಬಿಡು."

ನನ್ನ ಮೈಯೆಲ್ಲ ಉರಿಯಿತು. ಮಳಿಗೆ ಇನ್ನೊಂದು ಸಿಕ್ಕೀತು. ಆ ಚಿತ್ರಾನ್ನವನ್ನೂ ಇದಕ್ಕೇ ಕಲಸಿ ತಂದಿದ್ದರೇ? ಇವತ್ತಿಗೂ ನನಗೆ ಗೊತ್ತಿಲ್ಲ, ಅದೇ ಹೆಚ್ಚು ಸುಡುತ್ತದೆ.

ಅಷ್ಟರಲ್ಲಿ ಗಿರಾಕಿಯೊಬ್ಬಳು ಈರುಳ್ಳಿ ಸಿಪ್ಪೆ ಬಣ್ಣದ ರೇಷ್ಮೆ ಸೀರೆ ಹರಡಿದಳು. ಮಗಳ ನಿಶ್ಚಿತಾರ್ಥಕ್ಕಂತೆ. ಸೊಸೆ ಟ್ಯೂಬ್‌ಲೈಟಿನಡಿಯಲ್ಲೇ ಗುಲಾಬಿ ಬಟ್ಟೆ ತೆಗೆದು ಸೀರೆಯ ಪಕ್ಕ ಇಟ್ಟಳು. ಅಮ್ಮನಿಗೂ ಅನುಮಾನ. ರೂಢಿಯಂತೆ ನನ್ನತ್ತ ತಿರುಗಿದರು.

"ನೋಡೇ, ಹೊಂದುತ್ತಾ?"

ಹೊರಗೆ ಒಳ್ಳೆಯ ಬಿಸಿಲಿತ್ತು.

"ಹೊಂದುತ್ತೆ" ಎಂದೆ. ಸೊಸೆ ಕತ್ತರಿ ಹಾಕಿದಳು. ಬಣ್ಣದ ವಿಷಯದಲ್ಲಿ ಈ ಒಂಬತ್ತು ವರ್ಷದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು.