ಎಂಬತ್ತಣ್ಣ ಬ್ಯಾಟರಿ ಕೊಲ್ಲಲು ಹೊರಟದ್ದು

ಆಲೂಗಡ್ಡೆಯನ್ನು ತಿಂಗಳುಗಟ್ಟಲೆ ಮೊಳಕೆಯೊಡೆಯದಂತೆ ಮಲಗಿಸಿಡುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಅದಕ್ಕೆ ಚಳಿ ಬೇಕು, ಕತ್ತಲೆ ಬೇಕು, ಅಳತೆಯ ಗಾಳಿ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬದುಕಬೇಕೆಂಬ ಆಸೆಯೇ ಆಲೂಗಡ್ಡೆಯ ತಲೆಗೆ ಹೋಗದಂತೆ ಕಾಯುವ ಒಬ್ಬ ಮನುಷ್ಯ ಬೇಕು. ಊರಾಚೆಯ ಕೋಲ್ಡ್ ಸ್ಟೋರೇಜಿನ ಸೂಪರ್‌ವೈಸರ್ ಅಂಥ ಮಹಾಪುರುಷ. ತಲೆಗೆ ಉಣ್ಣೆ ಟೋಪಿ, ಮೈಗೆ ಮೊಣಕೈ ಸವೆದ ಸ್ವೆಟರ್, ಕೊರಳಲ್ಲಿ ಥರ್ಮಾಮೀಟರ್. ಇಷ್ಟೇ ಆಯುಧ ಹಿಡಿದು ಅವನು ಬೇಸಿಗೆಯೆಂಬ ಶತ್ರುವನ್ನು ಯೌವನದಿಂದಲೂ ಗೋದಾಮಿನ ಬಾಗಿಲಲ್ಲೇ ತಡೆದು ನಿಲ್ಲಿಸಿದ್ದ. ಅವನ ಆಳ್ವಿಕೆಯಲ್ಲಿ ಒಂದು ಸೇಬೂ ಕೊಳೆತಿಲ್ಲ ಎಂದರೆ ಸುಳ್ಳಾದೀತು. ಆದರೆ ಕೊಳೆತ ಸೇಬಿಗೆ ಅವನೆದುರು ತಲೆಯೆತ್ತುವ ಧೈರ್ಯ ಇರಲಿಲ್ಲ.

ಕಷ್ಟವೆಂದರೆ ಅವನು ಸಂಜೆ ಮನೆಗೂ ಬರುತ್ತಿದ್ದ.

ಮನೆಯ ಸೋಫಾಕ್ಕೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇತ್ತು. ಸೆಕೆಗಾಲದಲ್ಲಿ ಅದರ ಮೇಲೆ ಕೂತವರು ಏಳುವಾಗ ತೊಡೆಯ ಚರ್ಮದ ಒಂದು ಪದರವನ್ನು ಅಲ್ಲೇ ಕಾಣಿಕೆ ಬಿಟ್ಟು ಏಳಬೇಕಿತ್ತು. ಟಿ.ವಿ. ರಿಮೋಟಿಗೆ ಕವರು, ಕವರಿಗೆ ರಬ್ಬರ್ ಬ್ಯಾಂಡು. ಮಗಳ ಹುಟ್ಟುಹಬ್ಬಕ್ಕೆ ತಂದ ಫ್ರಾಕನ್ನು 'ಒಳ್ಳೇ ಸಮಯಕ್ಕಿರಲಿ' ಎಂದು ಬೀರುವಿನಲ್ಲಿಟ್ಟಿದ್ದ. ಒಳ್ಳೇ ಸಮಯ ಬರುವಷ್ಟರಲ್ಲಿ ಮಗಳು ಮದುವೆಯಾಗಿ, ಅವಳ ಮಗಳಿಗೂ ಆ ಫ್ರಾಕು ಗಿಡ್ಡವಾಗಿತ್ತು.

"ನೋಡು, ಒಂದು ದಾರ ಬಿಟ್ಟಿಲ್ಲ. ಹೊಸದರ ಹಾಗೇ ಇದೆ" ಎಂದು ಅವನು ಅದನ್ನು ಎತ್ತಿ ತೋರಿಸಿದಾಗ ಹೆಂಡತಿ, "ನನ್ನನ್ನೂ ಒಂದು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿ ಇಟ್ಟಿದ್ರೆ ನಾನೂ ಹೊಸದರ ಹಾಗೇ ಇರ್ತಿದ್ದೆ" ಎಂದಳು.

"ಬಾಯಿ ಕಟ್ಟಬಾರದು ಕಣೇ, ಗಾಳಿ ಆಡಬೇಕು" ಎಂದು ಅವನು ತುಂಬ ಯೋಚಿಸಿ ಉತ್ತರ ಕೊಟ್ಟ.

ಇಂಥವನು ಎಲೆಕ್ಟ್ರಿಕ್ ಕಾರು ಕೊಂಡ. ಬ್ಯಾಟರಿಗೆ ಕಂಪನಿಯ ವಾರಂಟಿ ಐದು ವರ್ಷ. ಮೇಲೊಂದಿಷ್ಟು ದುಡ್ಡು ಕಟ್ಟಿದರೆ ಇನ್ನೂ ಮೂರು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿ ಉಂಟು ಎಂದು ಷೋರೂಮಿನ ಹುಡುಗಿ ಬಾಯಿ ಬಿಡುವುದರೊಳಗೆ ಇವನ ಕೈ ಜೇಬಿನಲ್ಲಿತ್ತು. ಷರತ್ತು ಸರಳ. ಎಂಟು ವರ್ಷ ತುಂಬುವುದರೊಳಗೆ ಬ್ಯಾಟರಿಯ ಶಕ್ತಿ, ಹೊಸದರಲ್ಲಿದ್ದುದರ ನೂರಕ್ಕೆ ಎಪ್ಪತ್ತಕ್ಕಿಂತ ಕೆಳಗಿಳಿದರೆ ಹೊಸ ಬ್ಯಾಟರಿ ಪುಕ್ಕಟೆ. ಇಳಿಯದಿದ್ದರೆ ನಮಸ್ಕಾರ, ಹೋಗಿ ಬನ್ನಿ. ಆಮೇಲೆ ಬ್ಯಾಟರಿ ಕೈಕೊಟ್ಟರೆ ಹೊಸದಕ್ಕೆ ಕಾರಿನ ಅರ್ಧ ಬೆಲೆ ತೆರಬೇಕು.

"ಇಳಿಯದ ಹಾಗೆ ನೋಡ್ಕೊಳ್ಳೋದು ಹೇಗಮ್ಮಾ?" ಎಂದು ಅವನು ಕೇಳಿದ.

ಹುಡುಗಿ ಬಾಯಿಪಾಠ ಒಪ್ಪಿಸಿದಳು. ಎಂಬತ್ತು ಪರ್ಸೆಂಟಿನ ಮೇಲೆ ಚಾರ್ಜ್ ಮಾಡಬೇಡಿ, ಇಪ್ಪತ್ತರ ಕೆಳಗೆ ಬಿಡಬೇಡಿ, ಬಿಸಿಲಲ್ಲಿ ನಿಲ್ಲಿಸಬೇಡಿ, ಭಾರ ಹೇರಬೇಡಿ, ಫಾಸ್ಟ್ ಚಾರ್ಜರಿಗೆ ಹೋಗಬೇಡಿ. ಆವರೆಗೆ ಯಾವ ಗಿರಾಕಿಯೂ ಅದನ್ನು ಕೊನೆವರೆಗೆ ಕೇಳಿಸಿಕೊಂಡಿರಲಿಲ್ಲ. ಇವನು ಟೋಪಿ ತೆಗೆದು, ಕೈಕಟ್ಟಿ ನಿಂತು ಕೇಳಿದ.

ಅಂದಿನಿಂದ ಬೀದಿಯವರ ಬಾಯಲ್ಲಿ ಅವನು ಎಂಬತ್ತಣ್ಣ. ಕಾರು ಎಂಬತ್ತಕ್ಕೆ ಬಂದಾಗ ಚಾರ್ಜರ್ ಕಿತ್ತುಹಾಕಲು ಅವನು ಸ್ನಾನದ ನಡುವೆ ಟವೆಲ್ಲಿನಲ್ಲಿ ಓಡಿಬಂದದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಇದೆಲ್ಲ ನೋಡಲು ಚೆಂದ. ಮನೆಯೊಳಗೆ ಇದ್ದವರಿಗೆ ಮಾತ್ರ ಅದು ಬೇರೆ ಕತೆ. ಮಾವ ಅವರ ಜೊತೆಗೇ ಇದ್ದರು. ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು, ಎರಡು ಸೀಟಿಗೆ ಟಿಕೆಟ್ ಹರಿಯಬೇಕಾದಂಥ ಗಾತ್ರದವರು. ಒಂದು ಬೆಳಗ್ಗೆ ಕಿಡ್ನಿಯಲ್ಲಿ ಕಲ್ಲು ಕದಲಿ ನೆಲದ ಮೇಲೆ ಹೊರಳಾಡುತ್ತ, "ಅಳಿಯಂದಿರೇ, ಸಾಯ್ತಿದೀನಿ, ಕಾರು ತೆಗೀರಿ" ಎಂದರು.

"ಇಪ್ಪತ್ತೊಂದು ಪರ್ಸೆಂಟ್ ಇದೆ ಮಾವ. ಆಸ್ಪತ್ರೆ ಮುಟ್ಟೋಷ್ಟರಲ್ಲಿ ಹದಿನೆಂಟಾಗತ್ತೆ. ಆಟೋ ಕರೀತೀನಿ, ದುಡ್ಡು ನಾನೇ ಕೊಡ್ತೀನಿ."

ಕೊಟ್ಟ. ಆ ಮಟ್ಟಿಗೆ ಉದಾರಿ. ಆಟೋದ ಕುಲುಕಾಟಕ್ಕೆ ಕಲ್ಲು ತಾನೇ ಜಾರಿಬಿಟ್ಟಿತೆಂದು ಡಾಕ್ಟರು ಹೇಳಿದ್ದನ್ನು ಅವನು ಬಹುಕಾಲ ತಾನು ಮಾವನಿಗೆ ಮಾಡಿದ ಉಪಕಾರವೆಂದೇ ಹೇಳಿಕೊಂಡು ತಿರುಗಿದ.

ಎದುರುಮನೆಯ ಟೈಲ್ಸ್ ಅಂಗಡಿಯವನು ಅದೇ ವಾರ ಅದೇ ಕಾರನ್ನು ಅದೇ ವಾರಂಟಿಯೊಂದಿಗೆ ಕೊಂಡಿದ್ದ. ಹಿಂದಿನ ಸೀಟು ಮಡಚಿ, ಕಾರಿನ ಬೆನ್ನು ನೆಲಕ್ಕೆ ತಾಗುವ ಹಾಗೆ ಟೈಲ್ಸ್ ತುಂಬಿಕೊಂಡು ಓಡಾಡುತ್ತಿದ್ದ. ನಡುಬೀದಿಯ ಬಿಸಿಲಲ್ಲಿ ನಿಲ್ಲಿಸುತ್ತಿದ್ದ. ದಿನಾ ನೂರಕ್ಕೆ ನೂರು ಚಾರ್ಜು. ಎಂಬತ್ತಣ್ಣ ಆ ಕಾರನ್ನು ನೋಡಿದಾಗಲೆಲ್ಲ, ಕುಡುಕನ ಕೈಗೆ ಸಿಕ್ಕ ಕೂಸನ್ನು ನೋಡಿದವನ ಹಾಗೆ ಲೊಚಗುಟ್ಟುತ್ತಿದ್ದ.

ಎಂಟನೇ ವರ್ಷ ಮುಗಿಯಲು ಒಂದು ತಿಂಗಳಿದೆ ಎನ್ನುವಾಗ ಆ ಪಾಪಿ ಕೇಕಿನ ಡಬ್ಬಿ ಹಿಡಿದು ಬಾಗಿಲಿಗೆ ಬಂದ.

"ಎಂಬತ್ತಣ್ಣಾ! ಹೊಸಾ ಬ್ಯಾಟರಿ ಹಾಕಿಕೊಟ್ರು! ಅರವತ್ತನಾಲ್ಕಕ್ಕೆ ಇಳಿದಿತ್ತಂತೆ. ಒಂದು ಪೈಸಾ ಕೇಳಲಿಲ್ಲ ಕಣಣ್ಣಾ, ಮೇಲೆ ಕಾಫಿ ಬೇರೆ ಕೊಟ್ರು. ನಿಂದೆಷ್ಟಿದೆ?"

"ಎಪ್ಪತ್ತೊಂದು ಅಂದ್ರು, ಹೋದ ಸರ್ವಿಸಿನಲ್ಲಿ."

ಟೈಲ್ಸಿನವನ ಮುಖ ಬಾಡಿತು. ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಅಯ್ಯೋ ಪಾಪ. ಇಷ್ಟು ಚೆನ್ನಾಗಿದೆಯಾ?" ಎಂದ.

ಆ ಕೇಕನ್ನು ಎಂಬತ್ತಣ್ಣ ಮುಟ್ಟಲಿಲ್ಲ. ಎಂಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದವನಿಗೆ ಮುದಿ ಬ್ಯಾಟರಿ. ಒದ್ದು ಓಡಿಸಿದವನಿಗೆ ಹೊಸದು, ಮೇಲೆ ಕಾಫಿ. ವಾರಂಟಿ ಮುಗಿದ ಮಾರನೇ ತಿಂಗಳೋ ವರ್ಷವೋ ಇದು ಕಾಲು ಚಾಚುವುದು ಖಂಡಿತ. ಆಗ ಅರ್ಧ ಕಾರಿನ ದುಡ್ಡು ತನ್ನ ಕೈಯಿಂದಲೇ ಹೋಗಬೇಕು. ಅವನ ಹೊಟ್ಟೆಯಲ್ಲಿ ಎದ್ದ ಉರಿಗೆ ಗೋದಾಮಿನ ಚಳಿಯೂ ಸಾಲದಾಯಿತು. ಬೆಳಗಿನ ತಿಂಡಿಯ ಹೊತ್ತಿಗೆ ಅವನು ತಟ್ಟೆ ಸರಿಸಿ ಘೋಷಿಸಿದ:

"ಒಂದು ತಿಂಗಳಿದೆ. ಎಪ್ಪತ್ತರ ಕೆಳಗೆ ಇಳಿಸಬೇಕು. ಕೆಡಿಸಿಬಿಡೋಣ."

ಹೆಂಡತಿಯ ಕೈಯಿಂದ ಸೌಟು ಜಾರಿತು. ಆ ಮನೆಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಯುದ್ಧ ಶುರುವಾಯಿತು. ಚಾರ್ಜು ನೂರಕ್ಕೇರಿತು, ಎಂಬತ್ತು ದಾಟಿದಾಗ ಅವನು ಮುಖ ಆಚೆ ತಿರುಗಿಸಿ ನಿಂತ. ಫಾಸ್ಟ್ ಚಾರ್ಜರುಗಳ ಮುಂದೆ ದಿನಕ್ಕೆರಡು ಸಲ ಹಾಜರಿ. ಬ್ಯಾಟರಿಯ ಆರೋಗ್ಯವನ್ನು ಫೋನಿಗೆ ತಿಳಿಸುವ ಒಂದು ಪುಟ್ಟ ಯಂತ್ರ ತಂದು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿದ. ಸಂಜೆಯಾದರೆ ನೀರಿನ ಟ್ಯಾಂಕಿನ ಗುಡ್ಡಕ್ಕೆ ದಂಡಯಾತ್ರೆ. ಡಿಕ್ಕಿಯಲ್ಲಿ ಗೋದಾಮಿನ ಆಲೂಗಡ್ಡೆ ಮೂಟೆ, ಹಿಂದೆ ಹೆಂಡತಿ, ಮುಂದೆ ಮಾವ. ಎಂಟು ವರ್ಷದಲ್ಲಿ ಮೊದಲ ಸಲ ಮುಂದಿನ ಸೀಟು ಸಿಕ್ಕ ಖುಷಿಗೆ ಮಾವ ಬಾಗಿಲು ತಟ್ಟಿ "ರೈಟ್, ರೈಟ್!" ಎಂದರು. ಆಗ ಎಂಬತ್ತಣ್ಣ ಸುಡುಬೇಸಿಗೆಯಲ್ಲಿ ಕಿಟಕಿ ಮುಚ್ಚಿ ಹೀಟರ್ ಹಾಕಿದ.

"ಅಳಿಯಂದಿರೇ, ಕಿಟಕಿ ಸ್ವಲ್ಪ..."

"ಗಾಳಿ ಬಂದ್ರೆ ತಂಪಾಗತ್ತೆ ಮಾವ."

"ತಂಪಾಗಲಿ ಅಂತಾನೇ ಕೇಳಿದ್ದು."

"ಹೀಟರ್ ಜೋರಾಗಿ ಓಡಬೇಕು, ಬ್ಯಾಟರಿ ಬೇಯಬೇಕು."

"ಬ್ಯಾಟರಿ ಕೆಳಗಿದೆ ಮಹರಾಯ್ರೇ, ಬೇಯ್ತಿರೋದು ಮೇಲೆ!"

"ಸುಮ್ನಿರಪ್ಪಾ," ಎಂದಳು ಹೆಂಡತಿ, ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತ. "ಎಂಟು ವರ್ಷ ಕಾರು ಹತ್ತಿಸಲಿಲ್ಲ ಅಂತ ಗೋಳಾಡ್ತಿದ್ದೆಯಲ್ಲ, ಈಗ ಬಡ್ಡಿ ಸಮೇತ ವಸೂಲಿ ಮಾಡ್ಕೋ."

ಆ ವಾರದಲ್ಲೇ ಒಂದು ಸಂಜೆ ಗುಡ್ಡದ ನೆತ್ತಿ ಮುಟ್ಟುವ ಹೊತ್ತಿಗೆ ಮಾವನ ಕತ್ತು ಒಂದು ಕಡೆಗೆ ವಾಲಿತು, ಕಣ್ಣು ಮೇಲೆ ಸಿಕ್ಕಿಕೊಂಡಿತು. ಎಂಬತ್ತಣ್ಣ ಕಾರು ನಿಲ್ಲಿಸಿ, ಮೊದಲು ಫೋನು ನೋಡಿ, "ಎಪ್ಪತ್ತು ಪಾಯಿಂಟ್ ಐದು!" ಎಂದು ಕೂಗಿದ.

ಹೆಂಡತಿ ಹಿಂದಿನಿಂದ ಬಾಗಿ ಅಪ್ಪನ ಮುಖಕ್ಕೆ ಬಾಟಲಿಯ ನೀರು ಸುರಿಯುತ್ತ, "ನಮ್ಮಪ್ಪಂದು ಎಷ್ಟಿದೆ ಅಂತಾನೂ ಸ್ವಲ್ಪ ನೋಡ್ರೀ" ಎಂದಳು.

ಮಾವ ಬದುಕಿಕೊಂಡರು. ಮರುದಿನದಿಂದ ಅವರ ಜಾಗದಲ್ಲಿ ಇನ್ನೆರಡು ಮೂಟೆ ಆಲೂಗಡ್ಡೆ ಕೂತವು. ತೂಕದಲ್ಲಿ ವ್ಯತ್ಯಾಸವಾಗಲಿಲ್ಲ, ದೂರೂ ಬರಲಿಲ್ಲ ಎಂದು ಎಂಬತ್ತಣ್ಣನಿಗೆ ಸಮಾಧಾನ.

ಆದರೆ ಫೋನಿನ ಅಂಕಿ ಎಪ್ಪತ್ತರ ಮೇಲೆಯೇ ಪಟ್ಟು ಹಿಡಿದು ಕೂತಿತ್ತು. ಶತ್ರು ಹೊರಗಿಲ್ಲ, ತನ್ನ ಕೈಯಲ್ಲೇ ಇದ್ದಾನೆಂಬುದು ಅವನಿಗೆ ಗೊತ್ತಾದದ್ದು ಗೋದಾಮಿನ ಅಂಗಳದಲ್ಲಿ. ಪೂರ್ತಿ ಚಾರ್ಜಾದ ಕಾರನ್ನು ನಡುಮಧ್ಯಾಹ್ನದ ಬಿಸಿಲಿಗೆ ಒಡ್ಡಿ, ಹಲ್ಲು ಕಚ್ಚಿಕೊಂಡು ಒಳಗೆ ಹೋಗಿದ್ದ. ಊಟಕ್ಕೆ ಹೊರಗೆ ಬಂದು ನೋಡಿದರೆ ಕಾರು ಲೋಡಿಂಗ್ ಶೆಡ್ಡಿನ ನೆರಳಿನಲ್ಲಿದೆ. ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆ.

"ಯಾರೋ ಇದು ಮಾಡಿದ್ದು?" ಎಂದು ವಾಚ್‌ಮನ್ ಮೇಲೆ ಹಾರಿಬಿದ್ದ.

"ನೀವೇ ಸಾರ್. ಆಗಲೇ ಓಡಿಬಂದು ಎರಡು ಬಕೆಟ್ ನೀರು ಕೇಳಿದ್ರಲ್ಲ. ಹುಷಾರಿದೀರಾ ಸಾರ್?"

ಅವನಿಗೆ ನೆನಪೇ ಇರಲಿಲ್ಲ. ಜೀವಮಾನವಿಡೀ ಕೆಡದಂತೆ ಕಾದ ಕೈ, ಯಜಮಾನನನ್ನು ಕೇಳದೆ ತನ್ನ ಕೆಲಸ ಮಾಡಿ ಮುಗಿಸಿತ್ತು. ಗುಡ್ಡ ಇಳಿಯುವಾಗಲೂ ಅಷ್ಟೇ. ಏರುವಾಗ ಹಿಂಸೆ ಕೊಟ್ಟ ಕಾಲು, ಇಳಿಯುವಾಗ ಬ್ರೇಕನ್ನು ಮಗುವಿನ ಕೆನ್ನೆ ಮುಟ್ಟಿದ ಹಾಗೆ ಮುಟ್ಟುತ್ತಿತ್ತು.

"ಬದುಕೋಕಂತೂ ಬಿಡಲಿಲ್ಲ, ಕೊಲ್ಲೋಕೂ ಕೈ ಬರಲ್ಲ ನಿಮಗೆ" ಎಂದಳು ಹೆಂಡತಿ. "ಕೀ ನನಗೆ ಕೊಡಿ. ಅಪ್ಪನ ಡಿಪೋದಲ್ಲಿ ಬಸ್ ಓಡಿಸೋದು ಕಲಿತವಳು ನಾನು. ಒಂದೇ ವಾರದಲ್ಲಿ ಇದರ ಉಸಿರು ನಿಲ್ಲಿಸ್ತೀನಿ."

ಅವಳ ಕಣ್ಣಲ್ಲಿದ್ದ ಹೊಳಪು ನೋಡಿ ಅವನಿಗೆ ನಂಬಿಕೆ ಬಂತು. ಅವಳ ಕೈಗೆ ಹೋದರೆ ಬ್ಯಾಟರಿ ಸತ್ತಂತೆಯೇ. ಅದೇ ಭಯಕ್ಕೆ ಅವನು ಕೀಯನ್ನು ಒಳಜೇಬಿಗೆ ಇಳಿಸಿ, "ಸ್ಕ್ರಾಚ್ ಆಗತ್ತೆ" ಎಂದ.

ಕೊನೆಯ ದಿನ ಬಂತು. ಬೆಳಗ್ಗೆಯಿಂದ ನಾಲ್ಕು ಸಲ ಗುಡ್ಡ ಹತ್ತಿಳಿದು, ಹೀಟರಿನಿಂದ ಸುಟ್ಟ ವಾಸನೆ ಬರತೊಡಗಿದ ಗಳಿಗೆಯಲ್ಲಿ ಫೋನಿನಲ್ಲಿ ಮೂಡಿತು: ಅರವತ್ತೊಂಬತ್ತು ಪಾಯಿಂಟ್ ಎಂಟು. ಎಂಬತ್ತಣ್ಣ ರಸ್ತೆ ಬದಿ ಇಳಿದು, ಟೋಪಿ ಎಸೆದು ಕುಣಿದ. ಹೆಂಡತಿಯನ್ನು ಸಾಕ್ಷಿಗೆ ಕೂರಿಸಿಕೊಂಡು ಸರ್ವಿಸ್ ಸೆಂಟರಿಗೆ ಹೊಡೆದ.

"ನಮ್ಮ ಮಷೀನಲ್ಲೇ ನೋಡಬೇಕು ಸಾರ್," ಎಂದ ಅಲ್ಲಿನ ಮ್ಯಾನೇಜರ್, ತುಂಬ ಮರ್ಯಾದೆಯಿಂದ. "ಗಾಡಿ ಕೆಂಡದ ಹಾಗಿದೆ. ತಣ್ಣಗಾಗಲಿ, ಆಮೇಲೆ ಟೆಸ್ಟು."

ಕಾರನ್ನು ಒಳಗೆ ಒಯ್ದರು. ಗಾಜಿನ ಆಚೆ ಬಿಳಿ ಗೋಡೆ, ಮಬ್ಬು ಬೆಳಕು, ಏಸಿಯ ಅಳತೆಯ ಗಾಳಿ. ಎಂಬತ್ತಣ್ಣ ಗಾಜಿಗೆ ಮೂಗು ಒತ್ತಿ ನಿಂತ. ಇಂಥ ಕೋಣೆಯಲ್ಲಿ ಯಾವುದೂ ಕೆಡುವುದಿಲ್ಲ ಎಂದು ಅವನಷ್ಟು ಬಲ್ಲವರು ಯಾರಿದ್ದರು?

ಬಹಳ ಹೊತ್ತಿನ ಮೇಲೆ ಮ್ಯಾನೇಜರ್ ಹಲ್ಲು ಬಿಟ್ಟುಕೊಂಡು ಬಂದ. "ಗಾಬರಿ ಬೇಡ ಸಾರ್! ಬಿಸಿಗೆ ನಿಮ್ಮ ಫೋನು ತಪ್ಪು ತೋರಿಸ್ತಿತ್ತು. ತಣ್ಣಗಾದ ಮೇಲೆ ಎಪ್ಪತ್ತೆರಡು!"

"ಎಪ್ಪತ್ತೆರಡು," ಎಂದ ಎಂಬತ್ತಣ್ಣ. ಒಂದು ತಿಂಗಳು ಬೇಯಿಸಿದ್ದಕ್ಕೆ ಒಂದು ಹೆಚ್ಚೇ ಬಂದಿತ್ತು. "ಇನ್ನೊಂದ್ಸಲ ನೋಡಿ. ನಾಳೆ ಬರ್ತೀನಿ."

"ನಾಳೆ ವಾರಂಟಿ ಇರಲ್ಲವಲ್ಲ ಸಾರ್. ಆಂ, ಹೀಟರ್ ಸುಟ್ಟುಹೋಗಿದೆ, ಹಿಂದಿನ ಸಸ್ಪೆನ್ಷನ್ ಕೂತುಬಿಟ್ಟಿದೆ. ಅವು ನಮ್ಮ ವಾರಂಟಿಗೆ ಬರಲ್ಲ. ಅದಿರಲಿ ಬಿಡಿ, ಎಂಟು ವರ್ಷದ ಗಾಡಿಯಲ್ಲಿ ಇಂಥ ಬ್ಯಾಟರಿ ನಾವು ಕಂಡೇ ಇಲ್ಲ! ಒಂದು ಫೋಟೋ ಬೇಕೇ ಬೇಕು."

ಬೇಡವೆನ್ನುವಷ್ಟರಲ್ಲಿ ಮೆಕ್ಯಾನಿಕ್ಕುಗಳೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟುತ್ತಿದ್ದರು. 'ನಮ್ಮ ಮಾದರಿ ಗ್ರಾಹಕ' ಎಂಬ ದೊಡ್ಡ ರಟ್ಟನ್ನು ಅವನ ಎದೆಗೆ ಹಿಡಿಸಿದರು.

"ನಗ್ರೀ," ಎಂದಳು ಹೆಂಡತಿ, ಫೋಟೋ ತೆಗೆಯುವವನ ಪಕ್ಕ ನಿಂತು. ಮದುವೆಯಾದ ಮೇಲೆ ಅವಳು ಅಷ್ಟು ಸುಖವಾಗಿ ಕಂಡದ್ದಿಲ್ಲ. "ಬ್ಯಾಟರಿಗಿಲ್ಲದ ಸುಸ್ತು ನಿಮಗ್ಯಾಕೆ? ನಗ್ರೀ."

ಫೋಟೋದಲ್ಲಿ ಅವನು ಹಲ್ಲುನೋವಿನವನ ಹಾಗೆ ಬಂದ. ಅದನ್ನು ದೊಡ್ಡದು ಮಾಡಿಸಿ ವಾರಂಟಿ ಮಾರುವ ಕೌಂಟರಿನ ಮೇಲೆ ಹಾಕುತ್ತೇವೆಂದು ಮ್ಯಾನೇಜರ್ ಮಾತು ಕೊಟ್ಟ. ಆ ಕೌಂಟರಿನ ಮುಂದೆ ಆಗಷ್ಟೇ ಕಾರು ಕೊಂಡ ಹುಡುಗನೊಬ್ಬ ನಿಂತಿದ್ದ. ಹೊಸ ಮದುವೆ, ಹೊಸ ಕಾರು. ಕಾರು ಬಾಗಿಲ ಹೊರಗೆ ಬಿಸಿಲಿನಲ್ಲಿತ್ತು. ಅದರೊಳಗೆ ಅವನ ಹೆಂಡತಿ ಪಾದ ಮಡಚಿ ಕೂತು, ಹಾಡು ಹಾಕಿಕೊಂಡು ಕಾಯುತ್ತಿದ್ದಳು.

"ಸಾರ್, ನಿಮ್ಮದೇ ಅಂತೆ ಅಲ್ವಾ ಆ ಬ್ಯಾಟರಿ?" ಎಂದು ಹುಡುಗ ಭಕ್ತಿಯಿಂದ ಕೇಳಿದ. "ಈ ಎಕ್ಸ್‌ಟೆಂಡೆಡ್ ವಾರಂಟಿ ತಗೋಬೇಕಾ ಸಾರ್? ತಗೊಂಡ್ರೆ ಹೇಗೆ ನೋಡ್ಕೋಬೇಕು?"

ಒಂದೇ ಒಂದು ಸತ್ಯ ಎಂಬತ್ತಣ್ಣನ ನಾಲಿಗೆಯ ತುದಿಗೆ ಬಂತು: ತಗೋ, ತಗೊಂಡು ಮನಸೋ ಇಚ್ಛೆ ಓಡಿಸು. ಅವನು ಹುಡುಗನ ಮುಖ ನೋಡಿದ. ಬಾಗಿಲಾಚೆಯಿಂದ ತೇಲಿಬರುತ್ತಿದ್ದ ಹಾಡು ಕೇಳಿದ. ಆ ಮುಖದ ಮೇಲಿದ್ದ ನೆಮ್ಮದಿಯನ್ನು ಅವನಿಂದ ಸಹಿಸಲಾಗಲಿಲ್ಲ.

"ತಗೊಳ್ಳಲೇಬೇಕಪ್ಪಾ," ಎಂದ, ಹುಡುಗನ ಹೆಗಲ ಮೇಲೆ ಕೈಯಿಟ್ಟು. "ಆದ್ರೆ ಎಂಬತ್ತು ದಾಟಬಾರದು. ಇಪ್ಪತ್ತರ ಕೆಳಗೆ ಹೋಗಬಾರದು, ಮನೇಲಿ ಯಾರು ಏನೇ ಅಂದ್ರೂ ಸರಿ. ಭಾರ ಹೇರಬಾರದು. ಬಿಸಿಲು? ಬಿಸಿಲಂತೂ ವಿಷ."

"ಬಿಸಿಲಾ?" ಎಂದ ಹುಡುಗ, ಬಾಗಿಲ ಕಡೆ ನೋಡಿ. ಮುಖ ಬಿಳಿಚಿತು. ಕೈಯಲ್ಲಿದ್ದ ಕಾಗದ ಬಿಟ್ಟು ಓಡಿದ.

ಎಂಬತ್ತಣ್ಣ ಗಾಜಿನ ಹತ್ತಿರ ಹೋಗಿ ನಿಂತ. ಪಕ್ಕದಲ್ಲಿ ಅವನ ಹೆಂಡತಿಯೂ ಬಂದು ನಿಂತಳು. ಅವಳ ನಗು ನಿಂತುಹೋಗಿತ್ತು. ಹೊರಗೆ ಹುಡುಗ ಹಾಡು ಆರಿಸಿ, "ಇಳಿ, ಇಳಿ, ಒಂದ್ನಿಮಿಷ ಇಳಿ" ಎನ್ನುತ್ತಿದ್ದ. ಹುಡುಗಿ ಚಪ್ಪಲಿ ಹುಡುಕುತ್ತ ಕೆಳಗಿಳಿದಳು. ಅವನು ಕಾರನ್ನು ಇಂಚಿಂಚಾಗಿ ಹಿಂದಕ್ಕೆ ತೆಗೆದು, ಕಟ್ಟಡದ ನೆರಳಿನೊಳಗೆ ಮೂತಿಯವರೆಗೆ ಸೇರಿಸಿ, ಕೆಳಗಿಳಿದು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಬಿಸಿ ಮುಟ್ಟಿ ನೋಡಿದ. ಹುಡುಗಿ ಒಂದು ಕಾಲಿಗೆ ಚಪ್ಪಲಿಯಿಲ್ಲದೆ, ಸುಡುವ ಸಿಮೆಂಟಿನ ಮೇಲೆ ಪಾದ ಎತ್ತಿಡುತ್ತ, ಅವನು ತನ್ನ ಕಡೆ ತಿರುಗುವುದನ್ನೇ ಕಾದು ಬಿಸಿಲಲ್ಲಿ ನಿಂತಿದ್ದಳು.